ಮೇಜಿನ ಮೇಲಿನ ಜೀಪು

ವಯಸ್ಸಾದವರಿಗೆ ಒಪ್ಪುವ ಹವ್ಯಾಸಗಳು ಇಂತಿಷ್ಟೇ ಎಂದು ನಮ್ಮ ಸಮಾಜ ಗೊತ್ತುಮಾಡಿಟ್ಟಿದೆ: ಬೆಳಗಿನ ಸಂಚಾರ, ಪುರಾಣ ಶ್ರವಣ, ಪದಬಂಧ, ಹೆಚ್ಚೆಂದರೆ ಕುಂಡದಲ್ಲಿ ನಾಲ್ಕು ಗುಲಾಬಿ. ಈ ಪಟ್ಟಿಯಲ್ಲಿ ಪ್ಲಾಸ್ಟಿಕ್ ಜೀಪಿಗೆ ಜಾಗವಿಲ್ಲ. ಆದ್ದರಿಂದ, ನಿವೃತ್ತನಾದ ಮೇಲೆ ನಾನು ಯುದ್ಧಕಾಲದ ಜೀಪುಗಳ ಪುಟ್ಟ ಮಾದರಿಗಳನ್ನು ಜೋಡಿಸಲು ಕುಳಿತಾಗ ನೆಂಟರಿಷ್ಟರು ಮೊದಲು ನಕ್ಕರು. ಆಮೇಲೆ ನನ್ನ ಹೆಂಡತಿಯನ್ನು ಪಕ್ಕಕ್ಕೆ ಕರೆದು ಕನಿಕರದ ಮಾತನಾಡಿದರು. ಆಕೆಯಾದರೋ, "ಅಲ್ಲಾ ರೀ, ಊಟದ ಮೇಜು ಊಟಕ್ಕೆ ಸಿಗೋದು ಯಾವತ್ತು?" ಎಂಬ ಒಂದೇ ಪ್ರಶ್ನೆಗೆ ತೃಪ್ತಳಾಗಿದ್ದಾಳೆ.

ಪೆಟ್ಟಿಗೆಯ ಮೇಲಿನ ಚಿತ್ರ ನೋಡಿ ಜೀಪು ಸಿಕ್ಕಿತೆಂದು ಹಿಗ್ಗಬಾರದು. ಒಳಗಿರುವುದು ಬೂದುಬಣ್ಣದ ಪ್ಲಾಸ್ಟಿಕ್ ಚೌಕಟ್ಟುಗಳು. ಅವುಗಳಿಗೆ ಮಾವಿನ ಮಿಡಿಗಳಂತೆ ಅಂಟಿಕೊಂಡ ಬಿಡಿಭಾಗಗಳು. ಒಂದೊಂದನ್ನೂ ಬ್ಲೇಡಿನಿಂದ ಬಿಡಿಸಿ, ಅಂಚು ಉಜ್ಜಿ, ಚಿಮುಟದಲ್ಲಿ ಹಿಡಿದು ಅಂಟಿಸಬೇಕು. ಈ ಅಂಟು ನಮ್ಮ ಗೋಂದಿನಂತೆ ನಡುವೆ ಕುಳಿತುಕೊಳ್ಳುವುದಲ್ಲ. ಎರಡು ಮೈಗಳನ್ನೂ ಕೊಂಚ ಕರಗಿಸಿ ಒಂದನ್ನಾಗಿ ಬೆಸೆದು ತಾನು ಆರಿಹೋಗುತ್ತದೆ. ಅಳತೆ 1:35. ಆರಡಿಗೆ ಸ್ವಲ್ಪ ಕಡಿಮೆ ಎತ್ತರದ ಸಿಪಾಯಿ ಈ ಲೋಕದಲ್ಲಿ ಐದು ಸೆಂಟಿಮೀಟರಿನ ಆಳು. ಈ ವಿಚಿತ್ರ ಸಂಖ್ಯೆ ಬಂದದ್ದಾದರೂ ಹೇಗೆ? 1960ರ ದಶಕದ ಆರಂಭದಲ್ಲಿ ಜಪಾನಿನ ತಮಿಯಾ ಕಂಪನಿ ಓಡುವ ಟ್ಯಾಂಕೊಂದನ್ನು ಮಾಡಿತು. ಒಳಗೆ ಮೋಟಾರೂ ಬ್ಯಾಟರಿಗಳೂ ಹಿಡಿಸುವಷ್ಟು ಹೊಟ್ಟೆ ಇಟ್ಟಾಗ ಅಳತೆ ಸುಮಾರು ಅಷ್ಟಾಯಿತು. ಇಂದು ಜಗತ್ತೇ ಅದನ್ನು ಶಾಸ್ತ್ರವೆಂದು ಪಾಲಿಸುತ್ತದೆ. ಶಾಸ್ತ್ರಗಳು ಹುಟ್ಟುವುದೇ ಹಾಗೇನೋ!

ಈಗ ನನ್ನ ಮುಂದಿರುವುದು ಯುಕ್ರೇನಿನ ಮಿನಿಆರ್ಟ್ ಕಂಪನಿಯವರು ಮಾಡಿದ ಬ್ಯಾಂಟಂ. ಜೀಪು ಎಂದೊಡನೆ ವಿಲ್ಲಿಸ್ ಎನ್ನುವವರುಂಟು, ಫೋರ್ಡ್ ಎನ್ನುವವರುಂಟು. ಬ್ಯಾಂಟಂ ಎನ್ನುವವರು ವಿರಳ. ಆದರೆ ಮೊದಲ ಜೀಪು ಅವರದೇ.

1940ರ ಬೇಸಿಗೆಯಲ್ಲಿ ಅಮೆರಿಕದ ಸೈನ್ಯ 135 ಕಂಪನಿಗಳಿಗೆ ಪತ್ರ ಬರೆದು, ನಾಲ್ಕು ಚಕ್ರಕ್ಕೂ ಎಳೆತವಿರುವ ಹಗುರವಾದ ಗಾಡಿ ಬೇಕೆಂದಿತು. ಮೊದಲ ಗಾಡಿಗೆ 49 ದಿನಗಳ ಗಡುವು. ಉತ್ತರ ಕೊಟ್ಟವರು ಇಬ್ಬರೇ. ಅವರಲ್ಲೊಬ್ಬರು ಪೆನ್ಸಿಲ್ವೇನಿಯಾದ ಬಟ್ಲರ್ ಎಂಬ ಊರಿನ ಅಮೆರಿಕನ್ ಬ್ಯಾಂಟಂ ಕಂಪನಿಯವರು. ಚಿಕ್ಕ ಕಾರುಗಳನ್ನು ಮಾಡಿ, ಕೊಳ್ಳುವವರಿಲ್ಲದೆ ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿದ್ದವರು. ಅವರು ಡೆಟ್ರಾಯಿಟ್‌ನ ಕಾರ್ಲ್ ಪ್ರಾಬ್ಸ್ಟ್ ಎಂಬ ಇಂಜಿನಿಯರನ್ನು ಕರೆಸಿದರು, ಕೊಡಲು ಸಂಬಳವಿರಲಿಲ್ಲ. ಆತ ಜುಲೈ 17ರಂದು ಒಪ್ಪಿ ಹೊರಟು, ಎರಡೇ ದಿನಗಳಲ್ಲಿ ಗಾಡಿಯ ನಕ್ಷೆ ಬರೆದು ಮುಗಿಸಿದ! ಸೆಪ್ಟೆಂಬರ್ 23ರ ಸಂಜೆ, ಗಡುವಿಗೆ ಅರ್ಧ ಗಂಟೆ ಉಳಿದಿರುವಾಗ, ಆ ಗಾಡಿ ಮೇರಿಲ್ಯಾಂಡಿನ ಹೋಲಬರ್ಡ್ ಶಿಬಿರದ ಬಾಗಿಲನ್ನು ಮುಟ್ಟಿತು.

ಮುಂದಿನದು ಕೇಳಬೇಕಾದ ಕಥೆ. ಇಷ್ಟು ಚಿಕ್ಕ ಕಂಪನಿ ಸೈನ್ಯಕ್ಕೆ ಬೇಕಾದಷ್ಟು ಗಾಡಿ ಒದಗಿಸೀತೇ ಎಂಬ ಶಂಕೆಯಿಂದ ಅಧಿಕಾರಿಗಳು ಬ್ಯಾಂಟಂನ ನಕ್ಷೆಗಳನ್ನು ವಿಲ್ಲಿಸ್‌ನವರಿಗೂ ಫೋರ್ಡ್‌ನವರಿಗೂ ತೋರಿಸಿದರು. 1941ರಲ್ಲಿ ದೊಡ್ಡ ಗುತ್ತಿಗೆ ವಿಲ್ಲಿಸ್‌ಗೆ ಹೋಯಿತು, ಫೋರ್ಡ್ ಜೊತೆಗೂಡಿತು. ಅವರಿಬ್ಬರೂ ಸೇರಿ ಮಾಡಿದ್ದು ಆರು ಲಕ್ಷಕ್ಕೂ ಮೀರಿ. ಬ್ಯಾಂಟಂಗೆ ದಕ್ಕಿದ್ದು ಎರಡೂವರೆ ಸಾವಿರಕ್ಕಿಂತ ತುಸು ಹೆಚ್ಚು. ಅವುಗಳಲ್ಲೂ ಬಹುಪಾಲು ಬ್ರಿಟನ್ನಿಗೂ ರಷ್ಯಕ್ಕೂ ಹೋದವು. ಬ್ಯಾಂಟಂ ಎಂದರೆ ಗಿಡ್ಡ ಜಾತಿಯ ಹುಂಜ. ಹುಂಜವೇನೋ ಕೂಗಿತು, ಬೆಳಗಾದದ್ದು ಬೇರೆಯವರ ಅಂಗಳದಲ್ಲಿ. ಆಮೇಲೆ ಯುದ್ಧ ಮುಗಿಯುವವರೆಗೆ ಆ ಕಂಪನಿ, ಜೀಪುಗಳ ಬೆನ್ನಿಗೆ ಕಟ್ಟುವ ಟ್ರೈಲರುಗಳನ್ನು ಮಾಡಿಕೊಂಡಿತ್ತು. ಜೀಪು ತಮ್ಮ ಸೃಷ್ಟಿಯೆಂಬ ವಿಲ್ಲಿಸ್‌ನ ಜಾಹೀರಾತು ಸಲ್ಲದೆಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 1948ರಲ್ಲಿ ತೀರ್ಪಿತ್ತದ್ದುಂಟು. ಆದರೂ 1950ರಲ್ಲಿ ಜೀಪೆಂಬ ಹೆಸರು ವಿಲ್ಲಿಸ್‌ನ ಮುದ್ರೆಯಾಗಿ ದಾಖಲಾಯಿತು.

ಈ ಕಥೆ ನನಗೆ ಇಷ್ಟು ನಾಟಲು ಕಾರಣವಿದೆ. ನಾನು ಮೂವತ್ತನಾಲ್ಕು ವರ್ಷ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಡ್ರಾಯಿಂಗ್ ಬೋರ್ಡಿನ ಮುಂದೆ ನಿಂತವನು. ನಕ್ಷೆಯ ಬಲಗಡೆ ಕೆಳಮೂಲೆಯಲ್ಲಿ ಒಂದು ಚಿಕ್ಕ ಕೋಷ್ಟಕವಿರುತ್ತದೆ: ಬರೆದವರು, ಪರಿಶೀಲಿಸಿದವರು, ಒಪ್ಪಿದವರು. ಡ್ರಾಫ್ಟ್ಸ್‌ಮನ್ನನ ಆಸ್ತಿಯೆಂದರೆ ಮೊದಲನೆಯ ಆ ಒಂದು ಮನೆ. ಒಮ್ಮೆ, ಲೇತಿನ ಮೇಲೆ ಬಿಡಿಭಾಗವನ್ನು ಬಿಗಿಯಾಗಿ ಹಿಡಿದಿಡುವ ಸಲಕರಣೆಯೊಂದನ್ನು ಮೂರು ವಾರ ರಾತ್ರಿಗಳನ್ನು ಕಳೆದು ಬರೆದಿದ್ದೆ. ಕೆಲವು ತಿಂಗಳ ನಂತರ ಅದು ಹೊಸ ಕಾಗದದ ಮೇಲೆ ತಿರುಗಿ ಬಂತು. ಗೆರೆಗಳೆಲ್ಲ ನನ್ನವು, ಮೊದಲ ಮನೆಯಲ್ಲಿ ಬೇರೊಬ್ಬರ ಹೆಸರಿನ ಅಕ್ಷರಗಳು. ಕೇಳಿದ್ದಕ್ಕೆ, "ಕೆಲಸ ಆಯ್ತಲ್ಲ, ಇನ್ನೇನು?" ಎಂದರು. ಸಂಬಳಕ್ಕೇನೂ ಲೋಪವಾಗಲಿಲ್ಲ, ಆ ಮಾತು ಬೇರೆ.

ಮಾದರಿ ಜೋಡಿಸುವವರ ಲೋಕದಲ್ಲಿ ಇಂಥ ಲೆಕ್ಕಗಳು ಬಹಳ ಕಟ್ಟುನಿಟ್ಟು. ಮುಂದಿನ ಅಡ್ಡತೊಲೆ ದುಂಡು ಕೊಳವೆಯಾಗಿದ್ದರೆ ವಿಲ್ಲಿಸ್. ತಗಡನ್ನು ಮಡಿಸಿ ಮಾಡಿದ್ದರೆ ಫೋರ್ಡ್. ಮುಂಭಾಗದ ಜಾಲರಿ ಕಬ್ಬಿಣದ ಪಟ್ಟಿಗಳನ್ನು ಬೆಸೆದದ್ದಾದರೆ ಮೊದಮೊದಲ ವಿಲ್ಲಿಸ್. ತಗಡನ್ನೇ ಅಚ್ಚೊತ್ತಿ ಸೀಳು ಬಿಡಿಸುವ ಉಪಾಯ ಫೋರ್ಡ್‌ನವರದು. ವಿಲ್ಲಿಸ್‌ನವರು ಅದನ್ನು ಆಮೇಲೆ ಎತ್ತಿಕೊಂಡರು. ಫೋರ್ಡ್‌ನವರಾದರೋ ಬೋಲ್ಟಿನ ತಲೆಯ ಮೇಲೂ ತಮ್ಮ 'ಎಫ್' ಅಕ್ಷರ ಒತ್ತುತ್ತಿದ್ದರು. ಎಂತಹ ಜಾಣರು! ಮೊದಲ ಮನೆಯ ಬೆಲೆ ಬಲ್ಲವರು.

ನಮ್ಮ ದೇಶಕ್ಕೂ ಜೀಪು ಬಂದದ್ದು ಹೆಚ್ಚುಕಡಿಮೆ ಇದೇ ಬಗೆಯಲ್ಲಿ. 1940ರ ದಶಕದ ಕೊನೆಗೆ ಮಹೀಂದ್ರದವರು ವಿಲ್ಲಿಸ್ ಜೀಪುಗಳ ಬಿಡಿಭಾಗಗಳನ್ನು ತರಿಸಿ ಮುಂಬಯಿಯಲ್ಲಿ ಜೋಡಿಸತೊಡಗಿದರು. ಮುಂದೆ ಅಮಲ್ದಾರರ ಜೀಪಿನ ಧೂಳು ಕಂಡೊಡನೆ ಶಾನುಭೋಗರು ರುಮಾಲು ಹುಡುಕುತ್ತಿದ್ದ ಕಾಲ ಬಂತು. ಆ ಗಾಡಿಯ ಮೈಯಲ್ಲಿ ಬಟ್ಲರ್ ಊರಿನ ಹೆಸರು ಎಲ್ಲಿಯೂ ಇರಲಿಲ್ಲ.

ನನ್ನ ಬ್ಯಾಂಟಂಗೆ ಇನ್ನು ಚಾಲಕನ ಚಕ್ರವೊಂದು ಬಾಕಿ. ಅದರ ಕಡ್ಡಿ ಕೂದಲಿನಷ್ಟು ಸಣ್ಣ. ಕೈ ನಡುಗುವುದರಿಂದ ಮಧ್ಯಾಹ್ನದ ಬೆಳಕಿನಲ್ಲೇ ಆಗಬೇಕು. ನಿನ್ನೆ ಗಾಡಿಯನ್ನು ಅಂಗಾತ ಮಲಗಿಸಿ, ಭೂತಗನ್ನಡಿ ಹಿಡಿದು, ತಳದ ಬಲಗಡೆ ಮೂಲೆಯಲ್ಲಿ ಮೊನಚು ಲೇಖನಿಯಿಂದ 'ಬರೆದವರು: ಕಾ. ಪ್ರಾ., 1940' ಎಂದು ಬರೆದೆ. ಮೇಲೆ ಸೈನ್ಯದ ಹಸಿರು ಬಳಿದಿದ್ದಾಗಿದೆ. ಬಣ್ಣ ಆರಲು ಒಂದು ರಾತ್ರಿ ಬೇಕಂತೆ. ಅಲ್ಲಿಯವರೆಗೆ ಊಟ ಅಡುಗೆಮನೆಯಲ್ಲೇ.