ಗುರುಶಿಖರದಲ್ಲೊಂದು ರಾತ್ರಿ

ಮಣಿನಗರದ ತಾರಸಿಯ ಮೇಲೆ ನಿಂತು ನೀವು ಎಷ್ಟು ನಕ್ಷತ್ರ ಎಣಿಸಬಲ್ಲಿರಿ? ಹತ್ತು ಸಿಕ್ಕರೆ ಹೆಚ್ಚು. ಅದಕ್ಕೇ 1997ರ ಏಪ್ರಿಲ್ 5ರ ಶನಿವಾರ, ಯುಗಾದಿಗೆ ಮೂರು ದಿನ ಮೊದಲು, ಹೇಲ್-ಬಾಪ್ ಧೂಮಕೇತುವಿನ ಚಿತ್ರ ತೆಗೆಯಲು ನಾನೂ ಅಪ್ಪನೂ ಬಸ್ಸು ಹತ್ತಿ ಅಬು ಬೆಟ್ಟಕ್ಕೆ ಹೋದೆವು. ಅಲ್ಲಿನ ಗುರುಶಿಖರ ಅರಾವಳಿಯಲ್ಲೇ ಎತ್ತರದ್ದು, 1,722 ಮೀಟರ್. ಉಡುಪಿ ಕಡೆಯ ಯು. ಆರ್. ರಾವ್ ಅವರು ಸಂಶೋಧನೆ ಮಾಡಿದ ನಮ್ಮ ಅಹಮದಾಬಾದಿನ ಪಿ.ಆರ್.ಎಲ್. ಸಂಸ್ಥೆಯ ವೀಕ್ಷಣಾಲಯವೂ ಅಲ್ಲೇ ಇದೆ.

ಕತ್ತಲಾದೊಡನೆ ವಾಯವ್ಯದಲ್ಲಿ ಬಾಲಚುಕ್ಕಿ ಕಾಣಿಸಿತು. ಕ್ಯಾಮೆರಾವನ್ನು ಟ್ರೈಪಾಡಿಗೆ ಬಿಗಿದು ಹತ್ತು ಸೆಕೆಂಡು ಶಟರ್ ತೆರೆದಿಟ್ಟೆ. ಹೆಚ್ಚು ಹೊತ್ತು ಬಿಟ್ಟರೆ, ಭೂಮಿ ತಿರುಗುವುದರಿಂದ ಚುಕ್ಕಿಗಳು ಗೆರೆಗಳಾಗುತ್ತವೆ. ಅಷ್ಟರಲ್ಲಿ ಅಪ್ಪ ಚಹಾದ ಫ್ಲಾಸ್ಕು ಹುಡುಕಲು ಎದುರಿನಲ್ಲೇ ಟಾರ್ಚ್ ಹಾಕಿದರು. "ಅಪ್ಪಾ, ಫೋಟೋ ಹಾಳಾಯ್ತು!" ಎಂದು ರೇಗಿದೆ. ಅವರು ಮಾತಾಡದೆ ಆರಿಸಿದರು.

ಊಟದ ಹೊತ್ತಿಗೆ ಧೂಮಕೇತು ಇಳಿದುಹೋಯಿತು. ಆಮೇಲೆ ಕಂಬಳಿ ಹೊದ್ದು ಕುಳಿತು, 1965ರಲ್ಲಿ ಊರಿನ ಅಂಗಳದಿಂದ ಬೆಳಗಿನ ಜಾವ ಇಕೆಯಾ-ಸೆಕಿ ಧೂಮಕೇತುವನ್ನು ನೋಡಿದ್ದನ್ನೂ, ಆಗಷ್ಟೇ ನಿಂತಿದ್ದ ಯುದ್ಧ ಮತ್ತೆ ಬರುತ್ತದೆಂದು ಅಜ್ಜಿ ಹೆದರಿದ್ದನ್ನೂ ಅಪ್ಪ ಹೇಳಿದರು.

ರೀಲು ತೊಳೆಸಿದಾಗ ನೀಲಿ ಅನಿಲದ ಬಾಲವೂ ಬಿಳಿ ಧೂಳಿನ ಬಾಲವೂ ಬೇರೆಬೇರೆಯಾಗಿ ಬಂದಿದ್ದವು. ಆದರೆ ನಾನು ಇಂದಿಗೂ ಜೋಪಾನ ಮಾಡಿರುವುದು ಆ ಹಾಳಾದ ಚಿತ್ರವನ್ನು. ಅದರ ಮೂಲೆಯಲ್ಲಿ, ಟಾರ್ಚಿನ ಬೆಳಕಿನಲ್ಲಿ, ಅಪ್ಪನ ಕೈ ಇದೆ. ಹೇಲ್-ಬಾಪ್ ಮತ್ತೆ ಬರಲು ಸುಮಾರು 2,400 ವರ್ಷ ಬೇಕು. ಅಪ್ಪ ಬರುವುದಿಲ್ಲ.

2024ರ ಅಕ್ಟೋಬರಿನಲ್ಲಿ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತುವನ್ನು ನಿಮ್ಮ ವಯಸ್ಸಿನವರು ಮೊಬೈಲಿನಲ್ಲೇ ಹಿಡಿದರು. ಮುಂದಿನದಕ್ಕೆ ಬೆಟ್ಟ ಹತ್ತುವಾಗ ಮನೆಯ ಹಿರಿಯರನ್ನೂ ಕರೆದೊಯ್ಯಿರಿ. ಅವರು ಟಾರ್ಚ್ ಹಾಕಿದರೆ ರೇಗಬೇಡಿ.