ಗುರುತಿನ ಚೌಕದೊಳಗೆ ಕಂಡ ಗೋಕಾವಿ ಸೀಮೆ

ಶ್ರಾವಣದಲ್ಲಿ ಗೋಕಾವಿಗೆ ಹೋದವರು ಘಟಪ್ರಭೆಯು ಸುಮಾರು 170 ಅಡಿ ಕೆಳಕ್ಕೆ ಧುಮುಕುವುದನ್ನು ನೋಡಿ, ತೂಗುಸೇತುವೆಯ ಮೇಲೆ ನಡೆದು, ಕರದಂಟು ಕಟ್ಟಿಸಿಕೊಂಡು ಮರಳುವುದು ವಾಡಿಕೆ. ನಾವಾದರೋ ಸಸ್ಯಶಾಸ್ತ್ರದ ಉಪಾಧ್ಯಾಯರಾದ ಮಿತ್ರರೊಡನೆ ನೀರಿಗೆ ಬೆನ್ನುಮಾಡಿ ಗುಡ್ಡವನ್ನೇರಿದೆವು. ಅವರ ಕೈಯಲ್ಲಿ ನಾಲ್ಕು ಗೂಟ, ಒಂದು ಹುರಿ, ಚೀಟಿಗಳ ಡಬ್ಬಿ, ಇಷ್ಟೇ ಇದ್ದವು.

ಗುಡ್ಡವೆಲ್ಲ ತಂಗಡಿಯ ಹೂವಿನಿಂದ ಹಳದಿಯಾಗಿ ಕಂಡಿತು. ಆದರೆ ಎಷ್ಟು ತಂಗಡಿ ಎಂಬುದಕ್ಕೆ ಕಣ್ಣಿನ ಸಾಕ್ಷಿ ಸಾಲದು. ಎಲ್ಲವನ್ನೂ ಎಣಿಸುವುದು ಅಸಾಧ್ಯ. ಆದುದರಿಂದ ಒಂದು ಮೀಟರಿನ ಚೌಕಗಳನ್ನು ಅಲ್ಲಲ್ಲಿ ಗುರುತಿಸಿ, ಅವುಗಳೊಳಗಿನದನ್ನು ಮಾತ್ರ ಎಣಿಸಿ, ಒಟ್ಟನ್ನು ಅಂದಾಜು ಮಾಡುವರು. ಅಮೇರಿಕೆಯ ನೆಬ್ರಾಸ್ಕದ ಹುಲ್ಲುಗಾವಲುಗಳಲ್ಲಿ ಪೌಂಡ್ ಮತ್ತು ಕ್ಲೆಮೆಂಟ್ಸ್ ಎಂಬವರು 1898ರಲ್ಲಿ ಈ ಕ್ರಮವನ್ನು ಪ್ರಚುರಪಡಿಸಿದರು. ಚೌಕದ ಜಾಗವನ್ನು ನಾವು ಆರಿಸಕೂಡದು. ಒಂದು ಚೀಟಿಯಲ್ಲಿ ಬಂದಷ್ಟು ಹೆಜ್ಜೆ ಮೂಡಲಿಗೆ, ಇನ್ನೊಂದರಲ್ಲಿ ಬಂದಷ್ಟು ಬಡಗಲಿಗೆ ನಡೆಯಬೇಕು.

ಮೊದಲ ಚೀಟಿಗಳು ನಮ್ಮನ್ನು ಬೋಳು ಬಂಡೆಯ ಮೇಲೆ ನಿಲ್ಲಿಸಿದವು. ಎರಡೇ ಮಾರು ಆಚೆ ಹೂವಿನ ಪೊದೆ! "ಅತ್ತ ಸರಿಸಿದರಾಗದೇ?" ಎಂದೆವು. "ಸರಿಸಿದರೆ ಅದು ಗುಡ್ಡದ ಲೆಕ್ಕವಲ್ಲ, ತಮ್ಮ ಆಸೆಯ ಲೆಕ್ಕ" ಎಂದು ಮಿತ್ರರು ಗೂಟಗಳಿಗೆ ಕಲ್ಲು ಆನಿಸಿ ನಿಲ್ಲಿಸಿದರು. ಒಳಗಿದ್ದುದು ಎರಡು ಹುಲ್ಲಿನ ಬುಡ, ಒಂದಿಷ್ಟು ಪಾಚಿ. ಇರುವೆಗಳನ್ನು ಎಣಿಸತೊಡಗಿದಾಗ ಅವು ಸಾಲಾಗಿ ಎಲ್ಲೆ ದಾಟಿ ಹೋದವು. ನಡೆದಾಡುವ ಪ್ರಾಣಿಗಳಿಗೆ ಈ ಉಪಾಯ ಅಷ್ಟಾಗಿ ಒಗ್ಗದು. ಸಂಜೆಗೆ ಹತ್ತು ಚೌಕಗಳಾದವು. ತಂಗಡಿ ಸಿಕ್ಕಿದ್ದು ಎರಡರಲ್ಲಿ, ಕಾಂಗ್ರೆಸ್ ಕಸ ಆರರಲ್ಲಿ!

ಮರುದಿನ ಮೂಡಲಗಿಯ ಬಳಿ ಬದುವಿನ ಮೇಲೆ ಹುರಿ ಕಟ್ಟುತ್ತಿರಲು, ಗೋವಿನಜೋಳದ ಹೊಲದಿಂದ ಹಿರಿಯರೊಬ್ಬರು ಬಂದು, "ಏನ್ರೀ ಸಾಹೇಬ್ರ, ವಿಮಾದ ಚೌಕ ಹಾಕಾಕ ಬಂದೀರೇನು?" ಎಂದರು. ಬೆಳೆಯ ಇಳುವರಿಯನ್ನೂ ಹೀಗೆಯೇ, ಸಾಮಾನ್ಯವಾಗಿ ಐದು ಮೀಟರಿನ ಚೌಕವನ್ನು ಕೊಯ್ದು ತೂಗಿ, ನಿರ್ಣಯಿಸುವರು. ಬೆಳೆ ವಿಮೆಯಲ್ಲಿ ಒಂದು ಪಂಚಾಯತಿಗೆ, ಮುಖ್ಯ ಬೆಳೆಯೊಂದಕ್ಕೆ, ಕನಿಷ್ಠ ನಾಲ್ಕು ಚೌಕಗಳು.

"ಹೋದ ವರ್ಷ ನನ್ನ ಹೊಲದಾಗ ನೀರು ನಿಂತು ಬೆಳಿ ಕೊಳೀತ್ರಿ. ಚೌಕ ಬಿದ್ದಿದ್ದು ದಿನ್ನಿ ಮ್ಯಾಲಿನ ಛಲೋ ಹೊಲದಾಗ. ರೊಕ್ಕ ಬರಲಿಲ್ಲ."

ನಿನ್ನೆ ಅಷ್ಟು ಬಿಗಿಯಾಗಿದ್ದ ಮಿತ್ರರು ತಲೆ ತಗ್ಗಿಸಿದರು. ಚೀಟಿಯೇನೋ ನ್ಯಾಯವಾದುದೇ, ಚೀಟಿಗಳೇ ಕಡಿಮೆಯೆಂದು ನಮಗೆ ತೋರಿತು. ನಾಲ್ಕರ ಬದಲು ನಲವತ್ತಿದ್ದರೆ ತಗ್ಗಿನ ಹೊಲಗಳೂ ಲೆಕ್ಕಕ್ಕೆ ಬಂದಾವು.

ಹುಕ್ಕೇರಿಯ ಕಡೆ ಮಿತ್ರರು ಹಿಂದಿನ ವರ್ಷ ಗೂಟ ನೆಟ್ಟ ಚೌಕವೊಂದಿತ್ತು. ಒಂದೇ ಜಾಗವನ್ನು ವರ್ಷವರ್ಷವೂ ನೋಡಿದರೆ ಹುಟ್ಟುಸಾವುಗಳೂ ತಿಳಿಯುವವು. ಮುದುಮಲೆಯಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು 1988ರಲ್ಲಿ 50 ಹೆಕ್ಟೇರು ಕಾಡನ್ನು ಗುರುತಿಸಿ, ಒಂದು ಸೆಂಟಿಮೀಟರು ದಪ್ಪದ ಗಿಡಕ್ಕೂ ಸಂಖ್ಯೆ ಕಟ್ಟಿದುದು ಇದಕ್ಕಾಗಿಯೇ. ನಮಗೆ ಮೂರು ಗೂಟಗಳು ಬೇಗನೆ ಸಿಕ್ಕಿದವು. ನಾಲ್ಕನೆಯದಕ್ಕೆ ಯಾರೋ ಆಡು ಕಟ್ಟಿದ್ದರು; ಅದು ಚೌಕದೊಳಗಿನ ಹುಲ್ಲನ್ನು ನುಣ್ಣಗೆ ಮೇಯ್ದು ಮಲಗಿತ್ತು. ಮಿತ್ರರು ನಿಟ್ಟುಸಿರು ಬಿಟ್ಟು, ವಹಿಯನ್ನು ತೆರೆದು, "ಆಡು, ಒಂದು" ಎಂದು ಬರೆದುಕೊಂಡರು.