ಮಸಿನಗುಡಿಯ ಚಳಿಗೆ ಹಿಟ್ಟು, ಉದಕ, ಹುರುಳಿ ಕಟ್ಟು

ಉದಕಮಂಡಲದಿಂದ ಮಸಿನಗುಡಿಗೆ ಇಳಿಯುವ ಕಲ್ಹಟ್ಟಿ ಘಾಟಿಯಲ್ಲಿ 36 ಕಡಿದಾದ ತಿರುವುಗಳಿವೆ. ಮೇಲಿನ ಊರು ಸಮುದ್ರಮಟ್ಟದಿಂದ ಸುಮಾರು 2,240 ಮೀಟರ್ ಎತ್ತರದಲ್ಲಿದೆ. ಕೆಳಗಿನದು ಸಾವಿರ ಮೀಟರಿನ ಆಸುಪಾಸಿನಲ್ಲಿ. ನಡುವಿನ ದಾರಿ ಮೂವತ್ತು ಕಿಲೋಮೀಟರಿನಷ್ಟು ಮಾತ್ರ. ಆದರೂ ಪುಷ್ಯಮಾಸದ ಮುಂಜಾನೆ ಬಸ್ಸಿನಲ್ಲಿ ಇಳಿಯುವವರಿಗೆ ಒಂದು ಋತುವಿನಿಂದ ಇನ್ನೊಂದಕ್ಕೆ ಬಂದಂತೆ ತೋರುತ್ತದೆ. ಮೇಲಿನ ತಗ್ಗುಗಳಲ್ಲಿ ಇಬ್ಬನಿ ಹೆಪ್ಪುಗಟ್ಟಿ, ಹುಲ್ಲಿನ ಮೇಲೆ ಉಪ್ಪು ಚೆಲ್ಲಿದಂತೆ ನೆಲ ಬೆಳ್ಳಗಾಗಿರುತ್ತದೆ. ತಿರುವುಗಳನ್ನು ಇಳಿದಂತೆ ಕ್ಯಾರೆಟ್ಟಿನ ಮಡಿಗಳು ಹಿಂದೆ ಸರಿಯುತ್ತವೆ, ಕುರುಚಲು ಕಾಡು ಎದುರಾಗುತ್ತದೆ, ಗಾಳಿಯ ತೇವ ಆರುತ್ತದೆ. ಬೆಟ್ಟದ ಮಳೆನೆರಳಿನಲ್ಲಿರುವ ಮಸಿನಗುಡಿಯ ಚಳಿ ಒಣಚಳಿ. ಬಿಸಿಲೇರಿದೊಡನೆ ಅದು ಓಡಿಹೋಗುತ್ತದೆ. ಸೂರ್ಯ ಮುಳುಗಿದೊಡನೆ ಕಾಡಿನ ಅಂಚಿನಿಂದ ಮರಳಿ ಬರುತ್ತದೆ.

ಮರ, ಮಣ್ಣು, ಗಾಳಿ ಎಲ್ಲವೂ ಬದಲಾಗುವ ಈ ದಾರಿಯಲ್ಲಿ ಹೆಚ್ಚು ಬದಲಾಗದೆ ಉಳಿಯುವುದು ಒಲೆಯ ಮೇಲಿನ ಚಳಿಗಾಲದ ಅಡುಗೆ. ರಾಗಿಯ ಬಿಸಿ ಹಿಟ್ಟು, ಅದರ ಪಕ್ಕದಲ್ಲಿ ಕಾಳಿನ ಗಟ್ಟಿ ಸಾರು. ಬೆಟ್ಟದ ಮೇಲಿನ ಬಡಗರ ಹಟ್ಟಿಯಲ್ಲಿಯೂ ಇದೇ ಜೋಡಿ, ಮೋಯಾರಿನ ಆಚೆಯ ಗುಂಡ್ಲುಪೇಟೆ ಸೀಮೆಯಲ್ಲಿಯೂ ಇದೇ ಜೋಡಿ. ನಡುವಿನ ಮಸಿನಗುಡಿಗೆ ಎರಡೂ ಕಡೆಯ ನೆಂಟಸ್ತಿಕೆ.

ನೀಲಗಿರಿಯ ಬಡಗರು ತಮ್ಮ ಹಿರಿಯರು ಮೈಸೂರು ಸೀಮೆಯಿಂದ ಬಂದವರೆಂದು ಹೇಳಿಕೊಳ್ಳುತ್ತಾರೆ. ಬಡಗಣ ದಿಕ್ಕಿನಿಂದ ಬಂದವರು ಬಡಗರು. ಅವರ ನುಡಿ ಕನ್ನಡದ ಹತ್ತಿರದ ಸೋದರಿ. ಅವರ ಅಡುಗೆಮನೆಯ ಹೊಸ್ತಿಲಲ್ಲಿ ನಿಂತ ಕನ್ನಡದ ಮಗುವಿಗೆ ಅರ್ಧಕ್ಕೂ ಮೀರಿ ಮಾತು ತಾನಾಗಿ ತಿಳಿಯುತ್ತದೆ. ಊರು ಅಂದರೆ ಹಟ್ಟಿ. ರಾಗಿ ಅಂದರೆ ಎರಗಿ. ಮುದ್ದೆಗೆ ಅವರ ಹೆಸರು ಹಿಟ್ಟು. ಮೈಸೂರು, ಚಾಮರಾಜನಗರದ ಹಳ್ಳಿಗಳಲ್ಲಿಯೂ ಹಿರಿಯರು ಮುದ್ದೆಯನ್ನು ಹಿಟ್ಟು ಎಂದೇ ಕರೆಯುತ್ತಾರೆ. ಮಸಾಲೆಯ ಪುಡಿ ಅಲ್ಲಿ ಹುಡಿ; ಕಾಸರಗೋಡಿನ ಮನೆಗಳಲ್ಲಿಯೂ ಅದು ಹುಡಿಯೇ. ಸಾರಿಗೆ ಮಾತ್ರ ಬಡಗರ ಮಾತು ಬೇರೆ: ಉದಕ. ಕನ್ನಡದ ಮಡಿಮಾತಿನಲ್ಲಿ ಉದಕವೆಂದರೆ ಬರಿಯ ನೀರು. ಬೆಟ್ಟದ ಮೇಲೆ ಅದೇ ಪದ ಕಾಳು, ಗೆಡ್ಡೆ, ಬೆಳ್ಳುಳ್ಳಿಗಳನ್ನು ತುಂಬಿಕೊಂಡು ಗಟ್ಟಿಯಾಗಿದೆ.

ಅವರೆ ಉದಕ ಮಾಡುವುದಕ್ಕೆ ದೊಡ್ಡ ಸಿದ್ಧತೆ ಬೇಡ; ಹೊತ್ತು ಬೇಕು. ಒಂದು ಲೋಟ ಒಣ ಅವರೆಕಾಳನ್ನು ಹಿಂದಿನ ರಾತ್ರಿಯೇ ನೆನೆಹಾಕಬೇಕು. ಬೆಳಿಗ್ಗೆ ನೆನೆದ ನೀರನ್ನು ಚೆಲ್ಲಿ, ಹೊಸ ನೀರಿನಲ್ಲಿ ಕಾಳು ಬೆರಳಿಗೆ ಹಿಸುಕಿದರೆ ಹಿಸುಕುವಷ್ಟು ಮೆತ್ತಗೆ ಬೇಯಬೇಕು. ಆಮೇಲೆ ಎರಡು ಆಲೂಗಡ್ಡೆಯನ್ನು ದಪ್ಪ ಹೋಳಾಗಿ ಹಾಕಬೇಕು. ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಜೀರಿಗೆ, ಕರಿಮೆಣಸುಗಳ ಹುಡಿಯೂ ಜಜ್ಜಿದ ಬೆಳ್ಳುಳ್ಳಿ, ಹೆಚ್ಚಿದ ಈರುಳ್ಳಿಯೂ ಸೇರಿ ಕುದಿಯುವಾಗ ಒಂದೆರಡು ಆಲೂ ಹೋಳುಗಳನ್ನು ಸೌಟಿನ ಬೆನ್ನಿನಿಂದ ಕಿವುಚಿದರೆ ಉದಕ ತಾನಾಗಿ ಗಟ್ಟಿಯಾಗುತ್ತದೆ. ಹುಡಿಯ ಹದ ಮನೆಯಿಂದ ಮನೆಗೆ ಬೇರೆ.

ಈ ಗಡಿಗೆಯಲ್ಲಿ ಅವರೆ ಹಳೆಯದು, ಆಲೂಗಡ್ಡೆ ಹೊಸದು. 1820ರ ದಶಕದಲ್ಲಿ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲಿವನ್ ಬೆಟ್ಟದ ಮೇಲೆ ಮನೆ ಕಟ್ಟಿಸಿ, ಯೂರೋಪಿನ ತರಕಾರಿಗಳ ಬೀಜ ತರಿಸಿ ಬೆಳೆಸತೊಡಗಿದ ಮೇಲೆ ಆಲೂಗಡ್ಡೆ, ಕೋಸು, ಕ್ಯಾರೆಟ್ ಮೊದಲಾದವು ಬೆಟ್ಟದ ಬೆಳೆಗಳಾದವು. ಉದಕಮಂಡಲದ ಬೇಕರಿಗಳ ಗರಿಗರಿ ವರ್ಕಿಯೂ ಹೀಗೆ ಹೊರಗಿನಿಂದ ಬಂದ ಒಲೆಯ ಕೂಸು. ಮೈದಾವನ್ನು ಪದರಪದರವಾಗಿ ಮಡಿಸಿ, ಸೌದೆ ಉರಿಸಿ ಕಾಯಿಸಿದ ಗೂಡಿನಲ್ಲಿ ಬೇಯಿಸಿದ ವರ್ಕಿ ಇಲ್ಲದೆ ಅಲ್ಲಿನ ಚಳಿಗಾಲದ ಚಹಾ ಮುಗಿಯುವುದಿಲ್ಲ. ಎಮ್ಮೆಯ ಹಾಲಿನ ಮೇಲೆ ಬದುಕು ಕಟ್ಟಿಕೊಂಡ ತೊಡವರದ್ದಾದರೋ ಪರಂಪರೆಯಿಂದಲೂ ಸಸ್ಯಾಹಾರ. ಅವರ ಅನ್ನ ಬೇಯುವುದು ಹಾಲು, ಮಜ್ಜಿಗೆಗಳ ಸಂಗಡ. ಒಂದೇ ಬೆಟ್ಟದ ಚಳಿಗೆ ಇಷ್ಟು ಬಗೆಯ ಉತ್ತರಗಳು.

ಘಾಟಿ ಮುಗಿದು ಬಯಲು ಕಂಡಾಗ ಶೀಗೂರಿನ ಪ್ರಸ್ಥಭೂಮಿ. ಮಸಿನಿಯಮ್ಮನ ಗುಡಿಯಿರುವ ಮಸಿನಗುಡಿ, ಅದರ ಸುತ್ತ ಬೊಕ್ಕಾಪುರ, ಮಾವನಹಳ್ಳ, ಸಿಂಗಾರ, ಮೋಯಾರು. ಇಲ್ಲಿನ ಸಂತೆಬೀದಿಯಲ್ಲಿ ತಮಿಳು, ಕನ್ನಡ, ಬಡಗ, ಮಲಯಾಳ ಮಾತುಗಳ ಜೊತೆಗೆ ಇರುಳರ, ಕುರುಂಬರ ನುಡಿಗಳೂ ಕಿವಿಗೆ ಬೀಳುತ್ತವೆ. ಪೈಕಾರದಿಂದ ಇಳಿದುಬರುವ ಮೋಯಾರು ನದಿ ಕಾಡಿನಲ್ಲಿ ಹರಿಯುತ್ತ ಬಂಡೀಪುರಕ್ಕೂ ಮುದುಮಲೆಗೂ ನಡುವಿನ ಗಡಿಯಾಗುತ್ತದೆ. 1956ರ ನವೆಂಬರ್ 1ರಂದು ರಾಜ್ಯಗಳು ಭಾಷಾವಾರು ವಿಂಗಡವಾದಾಗ ಕೊಯಮತ್ತೂರು ಜಿಲ್ಲೆಯ ಕೊಳ್ಳೇಗಾಲ ತಾಲ್ಲೂಕು ಮೈಸೂರಿಗೆ ಸೇರಿತು. ನೀಲಗಿರಿ ಮದರಾಸಿನಲ್ಲಿಯೇ ಉಳಿಯಿತು. ಗೆರೆಯ ಎರಡು ಬದಿಯಲ್ಲಿಯೂ ಮಾರನೆಯ ದಿನ ಬೆಂದದ್ದು ಅದೇ ರಾಗಿ.

ಮಾರ್ಗಶಿರ, ಪುಷ್ಯಗಳಲ್ಲಿ ಗುಂಡ್ಲುಪೇಟೆಯ ಕಡೆಯಿಂದ ಬರುವ ಹಸಿ ಅವರೆಯ ಕಾಲ. ಸಿಪ್ಪೆಯ ಮೇಲಿನ ಸೊಗಡು ಬಿಡಿಸುವವರ ಕೈಗೆ ಅಂಟಿ ಸಂಜೆಯವರೆಗೂ ಉಳಿಯುತ್ತದೆ. ಕಾಳನ್ನು ನೀರಿನಲ್ಲಿ ನೆನೆಸಿ, ಹೆಬ್ಬೆರಳಿನಿಂದ ಒತ್ತಿ ಸಿಪ್ಪೆ ಕಳೆದರೆ ಹಿತಕಿದ ಬೇಳೆ. ಇದು ಮನೆಯವರೆಲ್ಲ ಜಗಲಿಯಲ್ಲಿ ಕುಳಿತು ಮಾಡುವ ಕೆಲಸ. ಮಕ್ಕಳ ಕೈಗೆ ಹೆಚ್ಚು ಒಗ್ಗುವ ಕೆಲಸವೂ ಹೌದು. ಅವರೆ ಇಲ್ಲದ ದಿನ ಹುರುಳಿ. ನೆನೆದ ಒಂದು ಲೋಟ ಹುರುಳಿಯನ್ನು ಐದಾರು ಲೋಟ ನೀರಿನಲ್ಲಿ ಚೆನ್ನಾಗಿ ಬೇಯಿಸಿ ಬಸಿದರೆ ಕಂದುಬಣ್ಣದ ಕಟ್ಟು ಇಳಿಯುತ್ತದೆ. ಬೆಂದ ಕಾಳಿನಲ್ಲಿಯೇ ಒಂದು ಹಿಡಿಯನ್ನು ಬೆಳ್ಳುಳ್ಳಿ, ಜೀರಿಗೆ, ಕರಿಮೆಣಸು, ಒಣಮೆಣಸಿನಕಾಯಿ, ಹುಣಸೆಹಣ್ಣುಗಳೊಡನೆ ರುಬ್ಬಿ, ಕಟ್ಟಿಗೆ ಬೆರೆಸಿ ಕುದಿಸಿ, ಬೆಳ್ಳುಳ್ಳಿ, ಕರಿಬೇವಿನ ಒಗ್ಗರಣೆ ಕೊಟ್ಟರೆ ಹುರುಳಿ ಕಟ್ಟಿನ ಸಾರು. ಉಳಿದ ಕಾಳು ಪಲ್ಯವಾಗುತ್ತದೆ. ಹುರುಳಿ ಮೈಗೆ ಕಾವು ಕೊಡುತ್ತದೆಂಬುದು ಹಿರಿಯರ ನಂಬಿಕೆ. ಮರುದಿನ ಕಾಯಿಸಿದ ಸಾರಿಗೆ ಮೊದಲ ದಿನಕ್ಕಿಂತ ಹೆಚ್ಚು ರುಚಿ. ಊಟ ಮುಗಿದ ಮೇಲೆ ಒಲೆಯ ಬಿಸಿಬೂದಿಯಲ್ಲಿ ಹೂತಿಟ್ಟ ಗೆಣಸು ಹೊರಬರುತ್ತದೆ. ಗೂಡಿಲ್ಲದ ಮನೆಗಳ ಬೇಕರಿ ಅದೇ.

ಹಿಟ್ಟು ತಿಂದವನು ಬೆಟ್ಟ ಕಿತ್ತಿಟ್ಟ ಎಂಬ ಗಾದೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ಹುರುಳಿಲ್ಲದೆ ಇಲ್ಲ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಮಿಗೂ ಮಿಗಿಲಾದ ಸುಣ್ಣದಂಶವಿದೆ. ನಿತ್ಯದ ಧಾನ್ಯಗಳಲ್ಲಿ ಅಷ್ಟು ಇರುವುದು ಅದರಲ್ಲಿಯೇ. ಧಾನ್ಯದಲ್ಲಿ ಕೊರತೆಯಾಗುವ ಲೈಸಿನ್ ಎಂಬ ಪ್ರೋಟೀನಿನ ಅಂಶ ಕಾಳಿನಲ್ಲಿ ಸಮೃದ್ಧವಾಗಿದೆ. ಕಾಳಿನಲ್ಲಿ ಕೊರತೆಯಾದದ್ದನ್ನು ಧಾನ್ಯ ತುಂಬಿಕೊಡುತ್ತದೆ. ಹಿಟ್ಟು, ಸಾರುಗಳನ್ನು ಒಂದೇ ತಟ್ಟೆಗೆ ತಂದ ಅಜ್ಜಿಯರು ಈ ಲೆಕ್ಕವನ್ನು ಬರೆದಿಟ್ಟವರಲ್ಲ, ಉಣಿಸಿ ಕಂಡುಕೊಂಡವರು.

ಆದರೆ ಈ ಅಡುಗೆಯ ಧಾನ್ಯ ಇಂದು ಮಸಿನಗುಡಿಯ ಹೊಲದಲ್ಲಿ ಸಿಗುವುದು ಅಪರೂಪ. ಕಾಡಿನ ನಡುವಣ ಒಣಭೂಮಿಯಲ್ಲಿ ಹಿಂದಿನವರು ರಾಗಿ, ಹುರುಳಿ ಬಿತ್ತುತ್ತಿದ್ದರು. ಮಾಗಿದ ರಾಗಿಯ ತೆನೆ ಆನೆಗೂ ಪ್ರಿಯ, ಹಂದಿಗೂ ಪ್ರಿಯ. ಹಸಿರು ಹುರುಳಿ ಜಿಂಕೆಗೆ. ಇರುಳೆಲ್ಲ ಅಟ್ಟಣೆಯ ಮೇಲೆ ಕುಳಿತು ತಮಟೆ ಬಡಿದು ಕಾದ ಬೆಳೆ ಒಂದೇ ಗಳಿಗೆಯಲ್ಲಿ ಹೋದರೆ ಮತ್ತೊಮ್ಮೆ ಬಿತ್ತುವ ಮನಸ್ಸು ಬರುವುದು ಕಷ್ಟ. ದನ ಸಾಕಿ ಗೊಬ್ಬರ ಮಾರುವುದು, ಪ್ರವಾಸಿಗರ ಜೀಪು ಓಡಿಸುವುದು, ವಸತಿಗೃಹಗಳಲ್ಲಿ ಕೆಲಸ ಮಾಡುವುದು ಬೇಸಾಯದ ಜಾಗಕ್ಕೆ ಬಂದವು. ಆನೆಗಳ ಕಡೆಯಿಂದ ನೋಡಿದರೂ ಅನ್ಯಾಯ ಕಡಿಮೆಯಲ್ಲ. ಅವು ತಲೆಮಾರುಗಳಿಂದ ನಡೆಯುತ್ತ ಬಂದ ಹಾದಿ ಈ ಪ್ರಸ್ಥಭೂಮಿ. 2010ರಲ್ಲಿ ತಮಿಳುನಾಡು ಸರ್ಕಾರ ಶೀಗೂರಿನ ಆನೆದಾರಿಯನ್ನು ಘೋಷಿಸಿತು; 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ನೀಲಗಿರಿಯದೇ ಇನ್ನೊಂದು ಮೂಲೆಯಾದ ಪಂದಲೂರು ಸೀಮೆಯಲ್ಲಿ ಅಕ್ಕಿಗಾಗಿ ಮನೆಗಳ ಗೋಡೆ ಕೆಡವುತ್ತಿದ್ದ ಕೊಂಬಿಲ್ಲದ ಗಂಡಾನೆಯೊಂದನ್ನು 2022ರ ಡಿಸೆಂಬರಿನಲ್ಲಿ ಹಿಡಿದು ಮುದುಮಲೆಯ ಕಾಡಿಗೆ ಬಿಟ್ಟರು. ಒಂದೇ ಧಾನ್ಯಕ್ಕೆ ಇಬ್ಬರು ಹಸಿದಿದ್ದಾರೆ; ಈ ನಾಡಿನ ತೊಡಕೆಲ್ಲ ಅದರಲ್ಲಿಯೇ ಇದೆ.

ಆ ಮಾತನ್ನು ಕಣ್ಣಾರೆ ಕಾಣಬೇಕಾದರೆ ಮಸಿನಗುಡಿಯಿಂದ ಏಳು ಕಿಲೋಮೀಟರ್ ದೂರದ ತೆಪ್ಪಕಾಡಿಗೆ ಹೋಗಬೇಕು. ಅಲ್ಲಿನ ಆನೆ ಶಿಬಿರಕ್ಕೆ ನೂರು ವರ್ಷ ದಾಟಿದೆ. 2023ರಲ್ಲಿ ಆಸ್ಕರ್ ಪಡೆದ ‘ದಿ ಎಲಿಫೆಂಟ್ ವಿಸ್ಪರರ್ಸ್’ ಸಾಕ್ಷ್ಯಚಿತ್ರದಲ್ಲಿ ಕಾಣುವ ತಬ್ಬಲಿ ಮರಿಗಳು ಬೆಳೆದದ್ದು ಇಲ್ಲಿಯೇ. ಬೆಳಿಗ್ಗೆ, ಸಂಜೆ ಇಲ್ಲಿನ ಅಡುಗೆಮನೆಯಲ್ಲಿ ರಾಗಿಯೂ ಹುರುಳಿಯೂ ಬೇಯುತ್ತವೆ. ಬೆಂದ ರಾಗಿ, ಹುರುಳಿ, ಅನ್ನಗಳನ್ನು ಬೆಲ್ಲ, ಉಪ್ಪುಗಳೊಡನೆ ಮಿದಿದು ದೊಡ್ಡ ದೊಡ್ಡ ಉಂಡೆ ಕಟ್ಟಿ, ಮಾವುತರು ಆನೆಯ ಬಾಯೊಳಗೆ ಇಡುತ್ತಾರೆ. ಯಾವ ಆನೆಗೆ ಎಷ್ಟು ಎಂಬುದು ಅದರ ವಯಸ್ಸು, ತೂಕ, ಆರೋಗ್ಯಗಳ ಮೇಲೆ ನಿಂತಿದೆ. ನೋಡಲು ನಿಂತ ಹಳ್ಳಿಯ ಮಕ್ಕಳಿಗೆ ಆ ಉಂಡೆ ಅಪರಿಚಿತವಲ್ಲ. ಅವರ ಮನೆಯ ಹಿಟ್ಟೂ ಸಾರೂ ಅಲ್ಲಿ ಒಂದೇ ಉಂಡೆಯಾಗಿದೆ, ಅಷ್ಟೇ.

ಹೊಲದಿಂದ ಹೋದ ರಾಗಿ ಈಚೆಗೆ ಬೇರೊಂದು ಬಾಗಿಲಿನಿಂದ ಮನೆಗೆ ಮರಳಿದೆ. 2023ರಲ್ಲಿ ತಮಿಳುನಾಡು ಸರ್ಕಾರ ಪ್ರಯೋಗವಾಗಿ ನೀಲಗಿರಿ, ಧರ್ಮಪುರಿ ಜಿಲ್ಲೆಗಳ ಪಡಿತರ ಚೀಟಿದಾರರಿಗೆ ಎರಡು ಕಿಲೋ ಅಕ್ಕಿಯ ಬದಲು ಎರಡು ಕಿಲೋ ರಾಗಿ ಕೊಡಲು ತೊಡಗಿತು. ಬೇಸಾಯ ಬಿಟ್ಟ ಊರಿಗೆ ಇದು ಸಣ್ಣ ಸಮಾಧಾನವಲ್ಲ. ಆದರೆ ನ್ಯಾಯಬೆಲೆ ಅಂಗಡಿ ಕೊಡುವುದು ಕಾಳನ್ನು ಮಾತ್ರ. ಅದನ್ನು ಹಸನು ಮಾಡಿ ಬೀಸಿಸುವುದು, ಕುದಿವ ನೀರಿಗೆ ಮೊದಲು ಒಂದು ಚಮಚ ಹಿಟ್ಟನ್ನು ಕದಡಿ ಹಾಕುವುದು, ಉಳಿದ ಹಿಟ್ಟನ್ನು ಗೋಪುರದಂತೆ ಸುರಿದು ಕಲಕದೆ ಬೇಯಲು ಬಿಡುವುದು, ಆಮೇಲೆ ಪಾತ್ರೆಯನ್ನು ಕಾಲಿನಿಂದ ಅದುಮಿ ಹಿಡಿದು ಕೋಲಿನಿಂದ ಗಂಟಿಲ್ಲದಂತೆ ತಿರುವುವುದು, ಕೈಯನ್ನು ನೀರಿಗದ್ದಿ ಮುದ್ದೆ ಕಟ್ಟುವುದು: ಇವು ಯಾವ ಅಂಗಡಿಯಲ್ಲಿಯೂ ಸಿಗುವುದಿಲ್ಲ. ಹಿಟ್ಟಿನ ಎರಡರಷ್ಟು ನೀರು ಎಂಬ ಅಳತೆಯನ್ನು ಬರೆದು ಕೊಡಬಹುದು. ಬೆಂದ ಹಿಟ್ಟಿನ ವಾಸನೆಯನ್ನು ಒಲೆಯ ಬಳಿ ನಿಂತೇ ಗುರುತು ಹಿಡಿಯಬೇಕು. ತಿರುವಲು ಬಾರದ ಮನೆಯಲ್ಲಿ ಪಡಿತರದ ರಾಗಿ ಮೂಲೆಯಲ್ಲಿ ಹುಳು ಹಿಡಿಯುತ್ತದೆ.

ಕನ್ನಡ ನುಡಿಯ ಸ್ಥಿತಿಯೂ ಇಲ್ಲಿ ಇದಕ್ಕಿಂತ ಬೇರೆಯಲ್ಲ. 2006ರ ತಮಿಳು ಕಲಿಕೆ ಕಾಯಿದೆಯ ಅನಂತರ ಈ ರಾಜ್ಯದ ಮಕ್ಕಳೆಲ್ಲ ಶಾಲೆಯಲ್ಲಿ ತಮಿಳು ಕಲಿಯುತ್ತಾರೆ; ಕಲಿಯುವುದು ಒಳ್ಳೆಯದೇ. ತಾಳವಾಡಿ, ಹೊಸೂರುಗಳ ಕನ್ನಡ ಶಾಲೆಗಳ ಮಕ್ಕಳಿಗೆ ಪಾಠದ ಪುಸ್ತಕದಲ್ಲಾದರೂ ಕನ್ನಡ ದೊರಕುತ್ತದೆ. ಶಾಲೆಯಲ್ಲಿ ಕನ್ನಡ ದೊರಕದ ಮಗುವಿಗೆ ಮನೆಯ ಒಲೆಯೇ ಶಾಲೆ. ಕಟ್ಟು, ಬಸಿ, ಹಿತಕು, ತಿರುವು, ಸೊಗಡು, ಕಾವು: ಇಂತಹ ಪದಗಳು ಅಂಗಳದಲ್ಲಿ ಅವರೆ ಬಿಡಿಸುವಾಗ ಕಿವಿಗೆ ಬೀಳದಿದ್ದರೆ ನಿಘಂಟಿನಲ್ಲಿ ಹುಡುಕುವ ದಿನ ಬಂದೀತು.

ಅದಕ್ಕೆ ದೊಡ್ಡ ಏರ್ಪಾಡೇನೂ ಬೇಡ. ಸಂಕ್ರಾಂತಿಯ ರಜೆ ಬರುವುದು ಅವರೆಯ ಕಾಲದಲ್ಲಿಯೇ. ಅಜ್ಜಿ ಒಲೆಯ ಮುಂದೆ, ಮೊಮ್ಮಗು ಪಕ್ಕದಲ್ಲಿ ಒಂದು ನೋಟುಬುಕ್ಕು ಹಿಡಿದು ಕುಳಿತರೆ ಸಾಕು. ಯಾವ ಕಾಳು, ಎಷ್ಟು ನೀರು, ಯಾವಾಗ ಉಪ್ಪು, ಇದಕ್ಕೆ ನಿನ್ನ ತವರಿನಲ್ಲಿ ಏನೆನ್ನುತ್ತಿದ್ದರು ಎಂದು ಕೇಳಿ ಬರೆದುಕೊಳ್ಳಲಿ. ಬರೆದು ಮುಗಿಯುವಷ್ಟರಲ್ಲಿ ಹುರುಳಿ ಬೆಂದಿರುತ್ತದೆ. ಹೊರಗೆ ಕಾಡಿನ ಕಡೆಯಿಂದ ಚಳಿ ಇಳಿಯುವ ಹೊತ್ತಿಗೆ ಮಗು ಮೊದಲ ಮುದ್ದೆಯನ್ನು ತಾನೇ ಕಟ್ಟಲಿ. ಅದು ಸೊಟ್ಟಗಾದರೂ ಆಗಲಿ. ಸಾರಿನಲ್ಲಿ ಮುಳುಗಿದ ಮೇಲೆ ಯಾರಿಗೂ ಕಾಣುವುದಿಲ್ಲ.